ಸ್ಯಾನ್ ಜಿಮಿನ್ಯಾನೊ: ಗೋಪುರಗಳು ಉಳಿದವು, ಕೋಟೆ ಉಳಿಯಲಿಲ್ಲ

[ದೃಶ್ಯ: ಎಲ್ಸಾ ಕಣಿವೆಯಿಂದ ಕಾಣುವ ಊರಿನ ದೂರನೋಟ]

ನಮಸ್ಕಾರ. ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 324 ಮೀಟರ್ ಎತ್ತರದ ಗುಡ್ಡದ ಮೇಲೆ ಸ್ಯಾನ್ ಜಿಮಿನ್ಯಾನೊ ಎಂಬ ಪುಟ್ಟ ಊರಿದೆ. ಇದರ ಗೋಪುರಗಳನ್ನು ದೂರದಿಂದ ನೋಡಿದವರು ಅವೆಲ್ಲ ಹೊರಗಿನ ವೈರಿಗಳನ್ನು ತಡೆಯಲು ಕಟ್ಟಿದ ಕಾವಲು ಬುರುಜುಗಳೆಂದು ಭಾವಿಸುವುದು ಸಹಜ. ಆದರೆ ಅವುಗಳಲ್ಲಿ ಹೆಚ್ಚಿನವು ಖಾಸಗಿ ಮನೆತನಗಳಿಗೆ ಸೇರಿದ್ದವು, ಊರಿನ ಸಿರಿವಂತರು ಅಕ್ಕಪಕ್ಕದವರಿಗೆ ಹೆದರಿ ಮತ್ತು ಅಕ್ಕಪಕ್ಕದವರನ್ನು ಹೆದರಿಸಲು ಕಟ್ಟಿಕೊಂಡಂಥವು. ಇದೇ ಊರಿನಲ್ಲಿ ಒಂದು ಕೋಟೆಯೂ ಇತ್ತು. ಅದನ್ನು ಕಟ್ಟಿಸಿದವರು ಊರಿನವರೇ ಅಲ್ಲ.

ಇಂಗ್ಲೆಂಡಿನ ಕ್ಯಾಂಟರ್ಬರಿಯಿಂದ ರೋಮ್‌ಗೆ ಹೋಗುವ ಯಾತ್ರಿಕರ ಹಾದಿಯಾದ ವಿಯಾ ಫ್ರಾಂಚಿಜೆನಾ ಈ ಊರನ್ನು ಹಾಯ್ದು ಹೋಗುತ್ತಿತ್ತು. ಯಾತ್ರಿಕರ ಹಿಂದೆ ವ್ಯಾಪಾರವೂ ಬಂತು. ಇಲ್ಲಿ ಬೆಳೆಯುತ್ತಿದ್ದ ಕೇಸರಿಗೆ ಎಷ್ಟು ಬೆಲೆಯಿತ್ತೆಂದರೆ, 13ನೇ ಶತಮಾನದಲ್ಲಿ ಊರಾಡಳಿತ ತನ್ನ ಸಾಲವನ್ನು ಕೇಸರಿಯ ರೂಪದಲ್ಲಿ ತೀರಿಸಿದ್ದೂ ಉಂಟು. 1199ರಲ್ಲಿ ನೆರೆಯ ವೋಲ್ಟೆರಾ ನಗರದ ಬಿಷಪ್ಪರ ಹಿಡಿತದಿಂದ ಬಿಡಿಸಿಕೊಂಡ ಊರು ಸ್ವತಂತ್ರ ನಗರಾಡಳಿತವಾಯಿತು. ಸ್ಥಳೀಯ ಮನೆತನಗಳ ಜಗಳದಲ್ಲಿ ಪಕ್ಷ ವಹಿಸದಿರಲೆಂದು ಹೊರಗಿನಿಂದ ಕರೆತಂದ ‘ಪೊದೆಸ್ತಾ’ ಎಂಬ ಅಧಿಕಾರಿಗೆ ಆಡಳಿತವನ್ನು ಒಪ್ಪಿಸುವ ಪದ್ಧತಿ ಬಂತು.

[ದೃಶ್ಯ: ಗೋಪುರವೊಂದರ ಬುಡ, ಕ್ಯಾಮೆರಾ ನಿಧಾನವಾಗಿ ಮೇಲೇರುತ್ತದೆ]

ಈ ಗೋಡೆಯನ್ನು ಸ್ವಲ್ಪ ಹತ್ತಿರದಿಂದ ಗಮನಿಸಿ. ಒಳಗೊಂದು ಹೊರಗೊಂದು ಕಲ್ಲಿನ ಗೋಡೆ ಎಬ್ಬಿಸಿ, ನಡುವಿನ ಜಾಗದಲ್ಲಿ ಕಲ್ಲಿನ ಚೂರು ಮತ್ತು ಸುಣ್ಣದ ಗಾರೆ ತುಂಬುವ ಕ್ರಮವಿದು. ಗೋಡೆಯೇ ಹೆಚ್ಚು ಜಾಗ ನುಂಗುವುದರಿಂದ ಒಳಗೆ ಉಳಿಯುವುದು ಇಕ್ಕಟ್ಟಾದ ಕೋಣೆ ಮಾತ್ರ. ಮುಖದ ಮೇಲೆ ಸಾಲಾಗಿ ಕಾಣುವ ಚೌಕಾಕಾರದ ತೂತುಗಳಲ್ಲಿ ಮರದ ತೊಲೆಗಳನ್ನು ತೂರಿಸಿ ಹೊರಚಾಚಿದ ಮೊಗಸಾಲೆಗಳನ್ನು ನಿಲ್ಲಿಸುತ್ತಿದ್ದರು. ಕೆಲವು ಗೋಪುರಗಳ ಬಾಗಿಲು ನೆಲಮಟ್ಟದಿಂದ ಎಷ್ಟೋ ಮೇಲಿದೆ. ಏಣಿಯನ್ನು ಒಳಕ್ಕೆ ಎಳೆದುಕೊಂಡರೆ ಯಾರೂ ಹತ್ತುವಂತಿರಲಿಲ್ಲ. ವಾಸಕ್ಕೆ ಅನುಕೂಲವಿಲ್ಲದ ಇಂಥ ಕಟ್ಟಡಕ್ಕೆ ಅಷ್ಟು ಹಣ ಸುರಿದದ್ದಕ್ಕೆ ರಕ್ಷಣೆಯೊಂದೇ ಕಾರಣವಾಗಿರಲಾರದು, ಎತ್ತರವೇ ಅಂತಸ್ತಾಗಿತ್ತು.

ಪೋಪರ ಪರವಾದ ಗ್ವೆಲ್ಫ್ ಬಣದಲ್ಲಿ ಅರ್ದಿಂಗೆಲ್ಲಿ ಮನೆತನವಿದ್ದರೆ, ಪವಿತ್ರ ರೋಮನ್ ಚಕ್ರವರ್ತಿಯ ಪರವಾದ ಗಿಬೆಲಿನ್ ಬಣದಲ್ಲಿ ಸಾಲ್ವುಚಿ ಮನೆತನವಿತ್ತು. ಇವರ ಪೈಪೋಟಿಯಲ್ಲಿ ಉಳಿದವರೂ ಸೇರಿಕೊಂಡು ಗೋಪುರಗಳ ಸಂಖ್ಯೆ 72ಕ್ಕೆ ಏರಿತೆಂಬುದು ರೂಢಿಯ ಲೆಕ್ಕ. ಕೊನೆಗೆ 1255ರಲ್ಲಿ ನಗರಾಡಳಿತವೇ ಮಿತಿ ಹೇರಿತು: ಪೊದೆಸ್ತಾನ ಅರಮನೆಯ ಮೇಲಿದ್ದ, ಸುಮಾರು 51 ಮೀಟರ್ ಎತ್ತರದ ರೊನ್ಯೋಸಾ ಗೋಪುರವನ್ನು ಯಾವ ಖಾಸಗಿ ಗೋಪುರವೂ ಮೀರುವಂತಿಲ್ಲ. ಸಾಲ್ವುಚಿಗಳು ಒಂದಕ್ಕೆರಡು ಗೋಪುರ ಎಬ್ಬಿಸಿ, ಬಳಿಕ ಕಟ್ಟಳೆಗೆ ಮಣಿದು ಅವುಗಳ ತಲೆ ಕತ್ತರಿಸಬೇಕಾಯಿತೆಂದು ಊರಿನಲ್ಲಿ ಹೇಳುತ್ತಾರೆ. ಇತ್ತ ನಗರಾಡಳಿತ ತನ್ನ ಹೊಸ ಭವನದ ಮೇಲೆ 1311ರಲ್ಲಿ ಮುಗಿಸಿದ ತೊರ್ರೆ ಗ್ರೊಸ್ಸಾ ಗೋಪುರದ ಎತ್ತರ 54 ಮೀಟರ್. ನಿಯಮ ಮಾಡಿದವರಿಗೆ ನಿಯಮ ಅನ್ವಯಿಸಲಿಲ್ಲ, ಅಷ್ಟೆ. 1300ರ ಸುಮಾರಿಗೆ ಕವಿ ಡಾಂಟೆ ಫ್ಲಾರೆನ್ಸಿನ ರಾಯಭಾರಿಯಾಗಿ ಬಂದು ಮಾತನಾಡಿದ್ದು ಇದೇ ಭವನದ ಸಭಾಂಗಣದಲ್ಲಿ.

[ದೃಶ್ಯ: ರೊಕ್ಕಾ ದಿ ಮೊಂತೆಸ್ತಾಫೊಲಿ, ಮುರಿದ ಗೋಡೆ, ಆಲಿವ್ ಮರಗಳು]

1348ರ ಪ್ಲೇಗ್ ಮಾರಿ ಊರನ್ನು ಬರಿದು ಮಾಡಿತು. ಜನರಿಲ್ಲದೆ, ವ್ಯಾಪಾರವಿಲ್ಲದೆ, ಒಳಜಗಳವೂ ತೀರದೆ ಸೋತ ಸ್ಯಾನ್ ಜಿಮಿನ್ಯಾನೊ 1353ರಲ್ಲಿ ಫ್ಲಾರೆನ್ಸಿಗೆ ಶರಣಾಯಿತು. ಕೂಡಲೇ ಫ್ಲಾರೆನ್ಸಿನವರು ಮೊಂತೆಸ್ತಾಫೊಲಿ ದಿಬ್ಬದ ಮೇಲೆ ಐದು ಮೂಲೆಗಳ ಕೋಟೆಯೊಂದನ್ನು ಕಟ್ಟಲಾರಂಭಿಸಿದರು. ಎದುರಾಳಿ ನಗರವಾದ ಸಿಯೆನಾ ಕಡೆಯ ಅಪಾಯದ ಮೇಲೆ ಕಣ್ಣಿಡುವುದರ ಜೊತೆಗೆ ಹೊಸ ಪ್ರಜೆಗಳನ್ನು ಹದ್ದುಬಸ್ತಿನಲ್ಲಿಡುವುದೂ ಅದರ ಉದ್ದೇಶವಾಗಿತ್ತು. ಇನ್ನೂರು ವರ್ಷಗಳ ನಂತರ ಸಿಯೆನಾ ಕೂಡ ಫ್ಲಾರೆನ್ಸಿನ ವಶವಾದಾಗ ಕೋಟೆಗೆ ಕೆಲಸವೇ ಉಳಿಯಲಿಲ್ಲ, ಮೆದಿಚಿ ಮನೆತನದ ಒಂದನೇ ಕೊಸಿಮೊ ಅದನ್ನು ಕೆಡವಲು ಆಜ್ಞೆಯಿತ್ತ.

ಹಾಗಾದರೆ ಗೋಪುರಗಳು ಹೇಗೆ ಉಳಿದವು? ಫ್ಲಾರೆನ್ಸಿನಲ್ಲಿಯೂ ಇಂಥ ಗೋಪುರಗಳು ದಂಡಿಯಾಗಿದ್ದವು. 1250ರಲ್ಲಿ ಅಲ್ಲಿನ ಆಡಳಿತ ಅವುಗಳನ್ನು ಸುಮಾರು 29 ಮೀಟರಿಗೆ ಕುಗ್ಗಿಸಿತು, ಆಮೇಲೆ ಬಂದ ಶ್ರೀಮಂತಿಕೆ ಹಳೆಯದನ್ನು ಕೆಡವಿ ಅರಮನೆಗಳನ್ನು ಎಬ್ಬಿಸಿತು. ಸ್ಯಾನ್ ಜಿಮಿನ್ಯಾನೊದವರ ಕೈಯಲ್ಲಿ ಅಂಥ ಹಣವಿರಲಿಲ್ಲ. ಇದನ್ನು ಪರಂಪರೆಯ ಮೇಲಿನ ಪ್ರೀತಿ ಎಂದು ಕರೆಯಲು ನನಗೆ ಮನಸ್ಸಿಲ್ಲ. ಬಡತನವೇ ಇಲ್ಲಿ ಸಂರಕ್ಷಣೆಯ ಕೆಲಸ ಮಾಡಿತು. ಹಾಗಿದ್ದರೂ ಉಳಿದಿರುವುದು 14 ಮಾತ್ರ. 1990ರಲ್ಲಿ ಯುನೆಸ್ಕೊ ಈ ಊರಿನ ಹಳೆಯ ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಂದು ಕೋಟೆಯ ಅಂಗಳ ಸಾರ್ವಜನಿಕ ಉದ್ಯಾನವಾಗಿದ್ದು, ನಡುವೆ ಹಳೆಯ ಬಾವಿಯೊಂದಿದೆ. ಹೋಗುವವರಿಗೊಂದು ಸಲಹೆ: ಟಿಕೆಟ್ ಪಡೆದು ತೊರ್ರೆ ಗ್ರೊಸ್ಸಾ ಹತ್ತಿದರೆ ಸುತ್ತಲಿನ ಕಣಿವೆಯೆಲ್ಲ ಕಾಣುತ್ತದೆ, ಆದರೆ ತೊರ್ರೆ ಗ್ರೊಸ್ಸಾ ಕಾಣುವುದಿಲ್ಲ. ಗೋಪುರಗಳ ಸಾಲನ್ನು ಒಟ್ಟಿಗೆ ನೋಡಬೇಕೆಂದರೆ ಕೋಟೆಯಲ್ಲಿ ಅಳಿದುಳಿದ ಬುರುಜಿನ ಮೆಟ್ಟಿಲನ್ನೇ ಹತ್ತಬೇಕು.