ಮಗು ದಿನಾ ಗೊರಕೆ ಹೊಡೀತಿದೆಯಾ? ಅಡಿನಾಯ್ಡ್, ಟಾನ್ಸಿಲ್ ಬಗ್ಗೆ ಗೊತ್ತಿರಲಿ

[ಪರದೆ ಮೇಲೆ: ಬಾಯಿ ತೆರೆದು, ಕತ್ತು ಹಿಂದಕ್ಕೆ ಚಾಚಿ ಮಲಗಿರುವ ಮಗು]

ನಮಸ್ಕಾರ. ಮಗು ಗೊರಕೆ ಹೊಡೆದರೆ "ಆಡಿ ಸುಸ್ತಾಗಿದೆ, ಒಳ್ಳೇ ನಿದ್ದೆ ಬಂದಿದೆ" ಅಂತ ಎಷ್ಟೋ ಮನೆಗಳಲ್ಲಿ ಹೇಳ್ತಾರೆ. ನೆಗಡಿ ಇದ್ದಾಗ ನಾಲ್ಕು ದಿನ ಗೊರಕೆ ಬಂದರೆ ಚಿಂತೆಯಿಲ್ಲ. ನೆಗಡಿಯೇ ಇಲ್ಲದೆ ವಾರದಲ್ಲಿ ಮೂರ್ನಾಲ್ಕು ರಾತ್ರಿ ಬರ್ತಿದ್ದರೆ ಮಾತ್ರ ತೋರಿಸಲೇಬೇಕು.

[ಚಿತ್ರ: ಮೂಗು ಮತ್ತು ಗಂಟಲಿನ ಅಡ್ಡನೋಟ]

ಕಿರುನಾಲಿಗೆಯ ಎರಡೂ ಬದಿ ಕಾಣೋ ಗ್ರಂಥಿಗಳೇ ಟಾನ್ಸಿಲ್. ಅಡಿನಾಯ್ಡ್ ಅನ್ನೋದೂ ಅಂಥದ್ದೇ ಗ್ರಂಥಿ, ಮೂಗಿನ ಹಿಂದೆ, ಅಂಗುಳಿನ ಮೇಲ್ಗಡೆ ಇರುತ್ತೆ. ಟಾರ್ಚ್ ಹಾಕಿದರೂ ಕಾಣಲ್ಲ. ಇವು ಊದಿ ಉಸಿರಿನ ದಾರಿಗೆ ಅಡ್ಡವಾದರೆ ಗೊರಕೆ ಬರುತ್ತೆ. 3ರಿಂದ 7 ವರ್ಷದೊಳಗೆ ಇವು ದೊಡ್ಡದಾಗಿರೋದು ಸಹಜ, ಆಮೇಲೆ ತಾವಾಗೇ ಕುಗ್ಗುತ್ತವೆ. ಹಾಗಾಗಿ ಗಾತ್ರ ನೋಡಿ ಹೆದರಬೇಡಿ, ಉಸಿರಾಟ ನೋಡಿ.

ಮಗು ಗಾಢ ನಿದ್ದೆಯಲ್ಲಿದ್ದಾಗ ಅಂಗಿ ಬಿಚ್ಚಿ, ಎದೆ ಮತ್ತು ಮುಖ ಎರಡೂ ಕಾಣೋ ಹಾಗೆ ಎರಡು ನಿಮಿಷ ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ಎದೆ ಏಳುತ್ತಿದ್ದರೂ ಗೊರಕೆ ಸದ್ದು ನಿಂತುಹೋಗಿ, ಮತ್ತೆ ದಢಕ್ಕನೆ ಉಸಿರೆಳೆದುಕೊಳ್ತಿದೆಯಾ? ಪಕ್ಕೆಲುಬು ಒಳಕ್ಕೆ ಸೆಳೀತಿದೆಯಾ? ಈ ವಿಡಿಯೋ ಇ.ಎನ್.ಟಿ. (ಕಿವಿ, ಮೂಗು, ಗಂಟಲಿನ) ಡಾಕ್ಟರಿಗೆ ತೋರಿಸಿ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡೋ ಅಭ್ಯಾಸ ಮರಳಿದ್ದರೆ, ಹಗಲಲ್ಲಿ ವಿಪರೀತ ಚಡಪಡಿಕೆ, ತೂಕ ಏರದಿರೋದು ಇದ್ದರೆ ಅದನ್ನೂ ಹೇಳಿ. ಟಿವಿ ಸದ್ದು ಜಾಸ್ತಿ ಮಾಡ್ತಿದ್ದರೆ ಕಿವಿ ಪರೀಕ್ಷೆಯೂ ಬೇಕು: ಅಡಿನಾಯ್ಡ್ ಊದಿದಾಗ ಕಿವಿಗೆ ಗಾಳಿ ಹೋಗೋ ನಳಿಕೆ ಕಟ್ಟಿ, ಕಿವಿಪರದೆಯ ಹಿಂದೆ ನೀರು ನಿಲ್ಲಬಹುದು.

[ಪರದೆ ಮೇಲೆ: ಸ್ಪ್ರೇ ಹಾಕುವ ವಿಧಾನ]

ತೊಂದರೆ ಕಡಿಮೆಯಿದ್ದರೆ ಡಾಕ್ಟರ್ ಮೂಗಿಗೆ ಹಾಕೋ ಸ್ಟೀರಾಯ್ಡ್ ಸ್ಪ್ರೇ ಬರೆದುಕೊಡಬಹುದು. ಸ್ಟೀರಾಯ್ಡ್ ಅನ್ನೋ ಹೆಸರಿಗೇ ಗಾಬರಿಯಾಗಿ ಮೂರೇ ದಿನಕ್ಕೆ ನಿಲ್ಲಿಸುವವರು ತುಂಬಾ ಜನ. ಆದರೆ ಇದರ ಫಲ ಕಾಣೋಕೆ ವಾರಗಳೇ ಬೇಕು. ಮೊದಲು ಉಪ್ಪುನೀರಿನ ಸ್ಪ್ರೇ ಹಾಕಿ ಸಿಂಬಳ ತೆಗೆಸಿ. ತಲೆ ಸ್ವಲ್ಪ ಮುಂದಕ್ಕೆ ಬಾಗಿರಲಿ. ಮೂಗಿನ ನಡುಗೋಡೆ ಕಡೆಗಲ್ಲ, ಆ ಬದಿಯ ಕಣ್ಣಿನ ಹೊರತುದಿ ಕಡೆಗೆ ಮೊನೆ ತಿರುಗಿಸಿ ಒತ್ತಿ. ನಡುಗೋಡೆಗೆ ಹೊಡೆದರೆ ರಕ್ತ ಬರಬಹುದು. ಮೂಗು ಬಿಡಿಸೋ ಡ್ರಾಪ್ಸ್ ಬೇರೆ ಔಷಧಿ. ಅದನ್ನು ದಿನಗಟ್ಟಲೆ ಹಾಕಿದರೆ ಮೂಗು ಇನ್ನೂ ಕಟ್ಟುತ್ತೆ.

ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದರೆ ಟಾನ್ಸಿಲ್, ಅಡಿನಾಯ್ಡ್ ತೆಗೆಯೋ ಆಪರೇಷನ್ ಮುಂದೂಡುತ್ತಾ ಕೂರಬೇಡಿ. ಬರೀ ಗಂಟಲು ಸೋಂಕಿಗಾದರೆ ಲೆಕ್ಕ ಬೇರೆ: ಒಂದು ವರ್ಷದಲ್ಲಿ 7 ಸಲ, ಅಥವಾ ಸತತ 2 ವರ್ಷ ವರ್ಷಕ್ಕೆ 5, ಅಥವಾ 3 ವರ್ಷ ವರ್ಷಕ್ಕೆ 3 ಸಲ ಆಗಿದ್ದರೆ ಆಪರೇಷನ್ ಯೋಚಿಸ್ತಾರೆ. ಅಷ್ಟಿಲ್ಲದಿದ್ದರೆ ಕಾದು ನೋಡೋದೇ ಸರಿ. ಟಾನ್ಸಿಲ್ ತೆಗೆದರೆ ರೋಗನಿರೋಧಕ ಶಕ್ತಿಯೇ ಹೋಗುತ್ತೆ ಅನ್ನೋ ಭಯ ಬೇಡ, ದೇಹದಲ್ಲಿ ಆ ಕೆಲಸ ಮಾಡೋ ಗ್ರಂಥಿಗಳು ಇನ್ನೂ ಬೇಕಾದಷ್ಟಿವೆ.

[ಪರದೆ ಮೇಲೆ: ರಾಗಿ ಗಂಜಿ, ಮೊಸರನ್ನ, ನೀರಿನ ಲೋಟ]

ಆಪರೇಷನ್ ಆದಮೇಲೆ ವಾರ–ಹತ್ತು ದಿನ ನೋವಿರುತ್ತೆ, ಕಿವಿಗೂ ಹರಡುತ್ತೆ. ಗಂಟಲಲ್ಲಿ ಕಾಣೋ ಬಿಳಿ ಪೊರೆ ಕೀವಲ್ಲ, ಗಾಯ ಮಾಯುವ ಬಗೆ, ಕೆರೆಯೋಕೆ ಹೋಗಬೇಡಿ. ನೋವಿನ ಔಷಧಿ ಹೇಳಿದ ಹೊತ್ತಿಗೆ ಕೊಟ್ಟು, ಅರ್ಧ ಗಂಟೆ ಬಿಟ್ಟು ತಣ್ಣಗಿನ ಗಂಜಿ, ಮೊಸರನ್ನ ತಿನ್ನಿಸಿ. ನೀರು ಕುಡಿಯದೆ ಗಂಟಲು ಒಣಗಿದರೆ ನೋವು ಹೆಚ್ಚುತ್ತೆ. ಚಕ್ಕುಲಿ, ಚಿಪ್ಸ್ ಎರಡು ವಾರ ಬೇಡ.

5ರಿಂದ 10ನೇ ದಿನದ ನಡುವೆ ಪೊರೆ ಕಳಚುವಾಗ ರಕ್ತ ಬರಬಹುದು. ಎಲ್ಲ ಮಾಯಿತು ಅಂತ ಜನ ದೂರದ ಊರಿಗೆ ಹೊರಟುಬಿಡೋದು ಇದೇ ಹೊತ್ತಿಗೆ, ಎಚ್ಚರ. ಮಗು ನಿದ್ದೆಯಲ್ಲೂ ಪದೇ ಪದೇ ನುಂಗುತ್ತಿದ್ದರೆ ರಕ್ತ ಒಳಗೆ ಹೋಗ್ತಿರಬಹುದು. ಕೆಂಪು ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಮಗುವನ್ನು ಕೂರಿಸಿ, ಮುಂದಕ್ಕೆ ಬಾಗಿಸಿ, ಉಗುಳಲು ಹೇಳುತ್ತಾ ಆಗಲೇ ಆಸ್ಪತ್ರೆಗೆ ಹೊರಡಿ.