ಪಲ್ಲವಿಯೊಳಗಿನ ಪಾಠ

ಕೇಳುಗರೇ, ನಮಸ್ಕಾರ.

222ರಲ್ಲಿ ತೀರಿಕೊಂಡ ಎಡೆಸ್ಸಾ ಊರಿನ ಪಂಡಿತ ಬಾರ್ದೈಸಾನ್, ಬೈಬಲ್ಲಿನ ದಾವೀದನ ಕೀರ್ತನೆಗಳನ್ನು ನೋಡಿ ತಾನೂ 150 ಹಾಡು ಕಟ್ಟಿದ್ದ. ಕ್ರೈಸ್ತ ಸಭೆ ಒಪ್ಪದ ಅವನ ವಿಚಾರಗಳು ಆ ಇಂಪಿನೊಂದಿಗೇ ಎಳೆಯರ ಬಾಯಿಗೆ ಹತ್ತಿದವು. ಪ್ರವಚನ ಮಾಡಿ ಅವನ್ನು ಬಿಡಿಸುವುದು ಸುಲಭವಿರಲಿಲ್ಲ. ಹಾಡಿಗೆ ಹಾಡನ್ನೇ ಎದುರು ನಿಲ್ಲಿಸಿದವರು ಸುರಿಯಾನಿ ಭಾಷೆಯ ಕ್ರೈಸ್ತ ಕವಿ ಸಂತ ಎಫ್ರೇಮರು. ನಿಸಿಬಿಸ್ ಊರಿನ ಡೀಕನ್, ಅಂದರೆ ಪಾದ್ರಿಗಿಂತ ಕೆಳಗಿನ ಸಭಾಸೇವಕ, ಆಗಿದ್ದ ಅವರು, 363ರಲ್ಲಿ ಆ ಊರು ಪರ್ಷಿಯನ್ನರ ಪಾಲಾದಾಗ ಊರು ಬಿಟ್ಟು ಎಡೆಸ್ಸಾ ಸೇರಿದರು. ಎಡೆಸ್ಸಾ ಇಂದು ತುರ್ಕಿಯಲ್ಲಿದೆ. 373ರಲ್ಲಿ ಅಲ್ಲೇ ತೀರಿಕೊಂಡರು.

ಅವರು ಪಾಠಕ್ಕೆ ಬಳಸಿದ್ದು ಮದ್ರಾಶಾ ಎಂಬ ಹಾಡಿನ ಬಗೆ. ಅದರಲ್ಲಿ ಮೊದಲು ಮಟ್ಟು, ಆಮೇಲೆ ಮಾತು. ಯಾವ ಮಟ್ಟಿನಲ್ಲಿ ಹಾಡಬೇಕೆಂದು ಹಸ್ತಪ್ರತಿಯಲ್ಲಿ ಹಾಡಿನ ತಲೆಯಲ್ಲೇ ಬರೆದಿರುತ್ತದೆ. ಮಟ್ಟು ಗೊತ್ತಾದರೆ ಚರಣದ ಅಳತೆಯೂ ಗೊತ್ತಾದಂತೆ. ನಮ್ಮ ಷಟ್ಪದಿಯ ಮಾತ್ರೆ ಲೆಕ್ಕ ಇಲ್ಲಿಲ್ಲ. ಎಣಿಸುವುದು ಅಕ್ಷರಗಳನ್ನು: ಲಘುವಿಗೂ ಒಂದೇ, ಗುರುವಿಗೂ ಒಂದೇ. ಪರದೈಸನ್ನು, ಅಂದರೆ ಸ್ವರ್ಗದ ತೋಟವನ್ನು, ಕುರಿತ ಅವರ 15 ಹಾಡುಗಳಲ್ಲಿ ಐದಕ್ಷರದ ತುಂಡುಗಳೇ ಹೆಚ್ಚು. ಅಷ್ಟು ಇಕ್ಕಟ್ಟಿನಲ್ಲಿ ತತ್ತ್ವಶಾಸ್ತ್ರದ ಉದ್ದುದ್ದ ಪದ ತುರುಕಿದರೆ ಮಟ್ಟು ಮುಗ್ಗರಿಸುತ್ತದೆ, ಜನ ಬಾಯಿ ಮುಚ್ಚುತ್ತಾರೆ.

ಹಾಗೆಂದು ಎಫ್ರೇಮರು ಪರಿಭಾಷೆಯಿಂದ ದೂರ ಉಳಿದದ್ದು ಛಂದಸ್ಸಿಗಾಗಿ ಮಾತ್ರವಲ್ಲ. ದೇವರನ್ನು ಕೆದಕಿ ಅಳೆಯುವ ತರ್ಕದ ಮೇಲೆ ಅವರಿಗೆ ನಂಬಿಕೆಯೇ ಇರಲಿಲ್ಲ. ತ್ರಿತ್ವವನ್ನು, ಅಂದರೆ ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಾಗಿರುವುದನ್ನು, ಹೇಳಬೇಕಾದಾಗ ಅವರು ತೋರಿಸಿದ್ದು ಸೂರ್ಯನನ್ನು: ಸೂರ್ಯ ತಂದೆ, ಬೆಳಕು ಮಗ, ಕಾವು ಪವಿತ್ರಾತ್ಮ. ಮೂರನ್ನೂ ಬಿಡಿಸಲಾಗದು, ಮೂರೂ ಒಂದೇ ಎಂದು ಕಲಸಲೂ ಆಗದು. ವಿಶ್ವಾಸವನ್ನು ಕುರಿತ ಅವರ 87 ಹಾಡುಗಳಲ್ಲಿ ಕೊನೆಯ ಭಾಗದ ಐದು ಹಾಡುಗಳು ಒಂದು ಮುತ್ತನ್ನೇ ತಿರುಗಿಸಿ ತಿರುಗಿಸಿ ನೋಡುತ್ತವೆ.

ಚರಣವನ್ನು ಒಬ್ಬರು ಹಾಡಿದರೆ ಪಲ್ಲವಿಯನ್ನು ಮೇಳ ಹಾಡುತ್ತಿತ್ತು. ಚರಣದ ವಾದ ಪೂರ್ತಿ ಹಿಡಿಯದವನಿಗೂ ಪ್ರತಿ ಚರಣದ ಕೊನೆಗೆ ಅದೇ ಪಲ್ಲವಿ ಸಿಗುತ್ತದೆ. ಆದ್ದರಿಂದ ಅದು ಚಿಕ್ಕದಿರಬೇಕು, ಸ್ತುತಿಯೂ ಸಿದ್ಧಾಂತವೂ ಅದರಲ್ಲಿರಬೇಕು. ಇನ್ನು ಕೆಲವು ಹಾಡುಗಳ ಚರಣಗಳು ಸುರಿಯಾನಿ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲೇ ಶುರುವಾಗುತ್ತವೆ. ನಡುವೆ ಒಂದು ಬಿಟ್ಟುಹೋದರೆ ಹಾಡುವವರಿಗೆ ಅಲ್ಲೇ ಗೊತ್ತಾಗುತ್ತದೆ.

ಮೇಳದಲ್ಲಿ ಇದ್ದವರು ಯಾರು? ಹೆಂಗಸರು! ಅವರ ಬಾಯಿಗೆ ಸ್ತುತಿ ಕಲಿಸಿದ್ದಕ್ಕಾಗಿಯೇ 521ರಲ್ಲಿ ತೀರಿಕೊಂಡ ಸುರಿಯಾನಿ ಕವಿ ಸೆರೂಗಿನ ಯಾಕೋಬರು ಎಫ್ರೇಮರನ್ನು ಕೊಂಡಾಡಿದ್ದಾರೆ.

ಮಟ್ಟುಗಳ ಹೆಸರು ಉಳಿದಿದೆ, ಸ್ವರವನ್ನು ಯಾರೂ ಬರೆದಿಡಲಿಲ್ಲ. ಮುಂದಿನ ಕಾಲದ ಪೂಜಾಪುಸ್ತಕಗಳು ಆಯ್ದ ಚರಣಗಳನ್ನಷ್ಟೇ ಇಟ್ಟುಕೊಂಡದ್ದರಿಂದ ವಾದದ ಎಳೆ ಅಲ್ಲಲ್ಲಿ ಕಡಿದುಹೋಗಿದೆ. ಹಾಡುಗಳ ಪೂರ್ತಿ ಮಾಲೆ ಬೇಕಾದವರು ಆರನೆಯ ಶತಮಾನದ ಹಸ್ತಪ್ರತಿಗಳನ್ನೇ ತೆರೆಯಬೇಕು.