ಪೆನುಕೊಂಡದ ದುರಂತ ಮತ್ತು ಹಳಿಯ ಮೇಲಿನ ದುಡಿಮೆ

ಶ್ರೋತೃಗಳಿಗೆ ನಮಸ್ಕಾರ.

2012ರ ಮೇ 22ರ ನಸುಕಿನಲ್ಲಿ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟಿದ್ದ ಹಂಪಿ ಎಕ್ಸ್‌ಪ್ರೆಸ್ ಆಂಧ್ರದ ಪೆನುಕೊಂಡ ನಿಲ್ದಾಣದಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಡಿಕ್ಕಿ ಹೊಡೆಯಿತು. ಮುಂದಿನ ಬೋಗಿಗಳು ಹಳಿ ತಪ್ಪಿದವು, ಒಂದಕ್ಕೆ ಬೆಂಕಿ ಹತ್ತಿಕೊಂಡಿತು, ಸುಮಾರು 25 ಜನ ಪ್ರಾಣ ಕಳೆದುಕೊಂಡರು. ಕೊಪ್ಪಳ, ಹೊಸಪೇಟೆ, ಬಳ್ಳಾರಿಯ ಮೇಲೆ ಹಾದುಹೋಗುವ ಈ ಗಾಡಿ ನಮ್ಮ ಭಾಗದವರ ಗಾಡಿ. ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುವ ಸಂಸಾರಗಳು ಹಾಸಿಗೆ, ಪಾತ್ರೆಗಳ ಗಂಟು ಹೊತ್ತು ಏರುವುದು ಇದರ ಜನರಲ್ ಬೋಗಿಯನ್ನೇ.

ಗಾಡಿ ಕೆಂಪು ಸಿಗ್ನಲ್ ದಾಟಿದ್ದೇ ಅಪಘಾತಕ್ಕೆ ಕಾರಣವೆಂದು ರೈಲ್ವೆಯ ಪ್ರಾಥಮಿಕ ಹೇಳಿಕೆ ತಿಳಿಸಿತು, ಎಲ್ಲರ ಬೆರಳೂ ಚಾಲಕನತ್ತ ತಿರುಗಿತು. ಹೊಣೆ ನಿರ್ಧಾರವಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿದ್ದೆ ಒತ್ತಿ ಬರುವ ಆ ಹೊತ್ತಿನಲ್ಲಿ ನೂರಾರು ಜೀವಗಳ ಭಾರವನ್ನು ಎಂಜಿನ್ನಿನಲ್ಲಿರುವವರ ಕಣ್ಣೆಚ್ಚರದ ಮೇಲಷ್ಟೇ ಹೊರಿಸುವುದು ಯಾವ ನ್ಯಾಯ? ಚಾಲಕ ಬ್ರೇಕ್ ಹಾಕದಿದ್ದರೆ ತಾನೇ ಗಾಡಿಯನ್ನು ನಿಲ್ಲಿಸುವ ‘ಕವಚ’ ವ್ಯವಸ್ಥೆಯ ಆರಂಭದ ಪ್ರಯೋಗಗಳು ನಮ್ಮ ನೆರೆಯ ವಾಡಿ, ವಿಕಾರಾಬಾದ್ ಮಾರ್ಗದಲ್ಲೇ ನಡೆದವು. 2020ರಲ್ಲಿ ಅದನ್ನು ಇಡೀ ದೇಶಕ್ಕೆ ಒಪ್ಪಿಕೊಳ್ಳಲಾಯಿತು.

ಕವಚ ಕಾಯುವುದು ಗಾಡಿಯನ್ನು. ಹಳಿಯ ಮೇಲೆ ನಡೆಯುವವನನ್ನು ಕಾಯುವವರಾರು? ಪೆನುಕೊಂಡದ ದುರಂತಕ್ಕೆ ಮೂರು ತಿಂಗಳ ಹಿಂದಷ್ಟೇ ಅನಿಲ್ ಕಾಕೋಡ್ಕರ್ ಸಮಿತಿ ತನ್ನ ಸುರಕ್ಷತಾ ವರದಿಯನ್ನು ಸಲ್ಲಿಸಿತ್ತು. 2007-08ರಿಂದ 2011ರ ಅಕ್ಟೋಬರ್‌ವರೆಗೆ ಕರ್ತವ್ಯದಲ್ಲಿದ್ದ ಸುಮಾರು 1,600 ರೈಲ್ವೆ ನೌಕರರು ಸತ್ತಿದ್ದರೆಂದೂ, 8,700 ಮಂದಿ ಗಾಯಗೊಂಡಿದ್ದರೆಂದೂ ಅದು ದಾಖಲಿಸಿತು. ಒಬ್ಬೊಬ್ಬರಾಗಿ ಸತ್ತ ಇವರ ಸುದ್ದಿ ಪತ್ರಿಕೆಯ ಮೂಲೆಗೂ ಬಂದಿರಲಾರದು.

ತೋರಣಗಲ್ಲಿನ ಬಳಿ ಕೆಲಸಕ್ಕಿಳಿದ ಕೀಮನ್‌ನನ್ನು, ಅಂದರೆ ಹಳಿಯುದ್ದಕ್ಕೂ ನಡೆದು ಅದನ್ನು ಪರೀಕ್ಷಿಸುವ ನೌಕರನನ್ನು, ಒಮ್ಮೆ ಗಮನಿಸಿ. ಹೆಗಲಿಗೆ ಸುತ್ತಿಗೆ, ಸ್ಪ್ಯಾನರ್, ಕಂಕುಳಲ್ಲಿ ಕೆಂಪು, ಹಸಿರು ಬಾವುಟ. ಜಲ್ಲಿಕಲ್ಲಿನ ಮೇಲೆ ಬಗ್ಗಿ ನಡೆಯುತ್ತ, ಹಳಿಯನ್ನು ಬಿಗಿಹಿಡಿಯುವ, ಸಡಿಲಗೊಂಡ ಕ್ಲಿಪ್ಪನ್ನು ಬಡಿದು ಕೂರಿಸುತ್ತಾನೆ; ಆ ಬಡಿತದ ನಡುವೆ ಹಿಂದಿನಿಂದ ಬರುವ ಗಾಡಿಯ ಸದ್ದು ಕಿವಿಗೆ ಬೀಳುವುದಿಲ್ಲ. ಮಾರ್ಗ ಜೋಡಿಯಾದಲ್ಲಿ ಅಪಾಯವೂ ಜೋಡಿ: ಅದಿರಿನ ಗಾಡಿಗೆ ದಾರಿ ಬಿಟ್ಟು ಪಕ್ಕದ ಹಳಿಗೆ ಸರಿದವನ ಮೇಲೆ ಎದುರು ದಿಕ್ಕಿನ ಗಾಡಿ ಬಂದುಬಿಡಬಹುದು.

ಗಾಡಿ ಸಮೀಪಿಸಿದಾಗ ಮೈಮೇಲೆ ಕಂಪಿಸಿ, ಸದ್ದು ಮಾಡಿ ಎಚ್ಚರಿಸುವ ‘ರಕ್ಷಕ್’ ಎಂಬ ರೇಡಿಯೋ ಸಾಧನ ಈಗಾಗಲೇ ಇದೆ. ಅದು ಪ್ರತಿಯೊಬ್ಬ ಕೀಮನ್, ಹಳಿ ದುರಸ್ತಿಯ ಪ್ರತಿಯೊಂದು ಗ್ಯಾಂಗಿನ ಕೈ ಸೇರಬೇಕು. ಆಳು ಕಡಿಮೆ ಬಿದ್ದ ದಿನವೂ ಸೀಟಿ ಹಿಡಿದು ಕಾವಲಿಗೆ ನಿಂತವನ ಕೈಗೆ ಸಲಿಕೆ ಕೊಡಬಾರದು. ರಾತ್ರಿ ಪಾಳಿ ಮುಗಿಸಿ ಬಂದ ಚಾಲಕನಿಗೆ ಸಲ್ಲಬೇಕಾದ ವಿಶ್ರಾಂತಿಯನ್ನು, ಗಾಡಿ ಎಷ್ಟೇ ತಡವಾದರೂ, ಒಂದು ಗಂಟೆಯಷ್ಟೂ ಮೊಟಕುಗೊಳಿಸಬಾರದು.

ನಮಸ್ಕಾರ.